ಯಾವ ಚಂದ್ರಶೇಖರ್, ಮೇಷ್ಟ್ರೇ?

ಓದುಗರ ಪತ್ರ

ಮಾನ್ಯ ಸಂಪಾದಕರೇ,
ಕಳೆದ ಸಂಚಿಕೆಯ ವಿಜ್ಞಾನ ಲೇಖನದಲ್ಲಿ ‘ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು’ ಎಂದು ಹಾಕಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಚಂದ್ರಶೇಖರ್ 1937ರಿಂದ ಕೊನೆಯವರೆಗೂ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು. ನೊಬೆಲ್ ಬಂದವರನ್ನು ಮೈಸೂರಿಗೆ ಎಳೆದು ತರುವ ಅಭಿಮಾನ ಒಳ್ಳೆಯದೇ, ಆದರೆ ಸುಳ್ಳು ಬೇಡ. ದಯವಿಟ್ಟು ತಿದ್ದುಪಡಿ ಹಾಕಿ. ಇನ್ನೊಂದು ಮಾತು. ಇಂಥ ಗೊಂದಲಕ್ಕೆಲ್ಲ ಮೂಲ ನಮ್ಮ ಜನ ಇದ್ದ ಹೆಸರನ್ನೇ ಮತ್ತೆ ಮತ್ತೆ ಇಡುವುದು. ನನ್ನ ಮೊಮ್ಮಗಳಿಗೆ ಪ್ರಪಂಚದಲ್ಲಿ ಯಾರಿಗೂ ಇಲ್ಲದ ಹೆಸರು ಹುಡುಕಿ ಇಟ್ಟಿದ್ದಾರೆ. ಎಲ್ಲರೂ ಹಾಗೆ ಮಾಡಿದರೆ ಈ ತಾಪತ್ರಯವೇ ಇರುವುದಿಲ್ಲ.
– ನಿವೃತ್ತ ಮುಖ್ಯೋಪಾಧ್ಯಾಯರು, ತುರುವೇಕೆರೆ ತಾಲ್ಲೂಕು (ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ)

ಸಂಪಾದಕರ ಉತ್ತರ

ಮೇಷ್ಟ್ರೇ, ತಿದ್ದುಪಡಿ ಹಾಕುವುದಿಲ್ಲ. ಲೇಖನ ಸರಿಯಾಗಿಯೇ ಇದೆ. ಮೈಸೂರಿಗೆ ಬಂದವರು ಎಸ್. ಚಂದ್ರಶೇಖರ್. ಷಿಕಾಗೊದಲ್ಲಿ ಇದ್ದವರೂ ಎಸ್. ಚಂದ್ರಶೇಖರ್. ಇಬ್ಬರೂ ಬೇರೆ ಬೇರೆ. ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು, ಇಬ್ಬರೂ ಸರ್ ಸಿ.ವಿ. ರಾಮನ್ ಅವರ ಕುಟುಂಬದವರು. ಒಬ್ಬರಿಗೆ ರಾಮನ್ ಚಿಕ್ಕಪ್ಪ, ಇನ್ನೊಬ್ಬರಿಗೆ ಸೋದರಮಾವ. ಲೇಖನದ ಮೊದಲ ಪ್ಯಾರಾದಲ್ಲೇ ‘ಶಿವರಾಮಕೃಷ್ಣ ಚಂದ್ರಶೇಖರ್’ ಎಂದು ಪೂರ್ತಿ ಹೆಸರಿದೆ. ನೀವು ಅದನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಹುಡುಗರು ಪ್ರಶ್ನೆಪತ್ರಿಕೆಯನ್ನು ಹಾಗೆ ಓದಿದ್ದರೆ ನೀವು ಸುಮ್ಮನೆ ಬಿಡುತ್ತಿದ್ದಿರಾ?

ಆದರೂ ನಿಮ್ಮ ಮೇಲೆ ಸಿಟ್ಟಿಲ್ಲ. ಸುಮ್ನೆ ಓದಿ ಎಸೆಯದೆ ಪೆನ್ನು ಹಿಡಿದು ಬರೆದಿರಲ್ಲ, ಅಂಥ ಓದುಗರು ಈಗ ಎಷ್ಟು ಜನ ಇದ್ದಾರೆ? ಅದೂ ಅಲ್ಲದೆ ನೀವು ನನಗೆ ತುಂಬಾ ದಿನದಿಂದ ಹೇಳಬೇಕೆಂದಿದ್ದ ವಿಷಯಕ್ಕೇ ಕೈಹಾಕಿದ್ದೀರಿ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮಗೆ ಗೊತ್ತಿರುವವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಹುಟ್ಟಿದ್ದು 1910ರಲ್ಲಿ ಲಾಹೋರಿನಲ್ಲಿ, ಓದಿದ್ದು ಮದರಾಸಿನಲ್ಲಿ. 1930ರಲ್ಲಿ, ಹತ್ತೊಂಬತ್ತು ವರ್ಷದ ಹುಡುಗ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಲೆಕ್ಕ ಹಾಕಿದರು. ಉರಿದು ಮುಗಿದ ನಕ್ಷತ್ರವೊಂದು ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿದ್ದರೆ ಅದು ಶ್ವೇತಕುಬ್ಜವೆಂಬ ಪುಟ್ಟ ಗಟ್ಟಿ ನಕ್ಷತ್ರವಾಗಿ ತಣ್ಣಗೆ ಉಳಿಯುವುದಿಲ್ಲ, ಇನ್ನೂ ಕುಸಿಯುತ್ತದೆ ಎಂದು ಕಂಡುಕೊಂಡರು. 1935ರಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್‌ನಂಥ ದೊಡ್ಡ ಮನುಷ್ಯ ತುಂಬಿದ ಸಭೆಯಲ್ಲಿ ಅದನ್ನು ಗೇಲಿ ಮಾಡಿದರು. ನೊಬೆಲ್ ಬಂದಿದ್ದು 1983ರಲ್ಲಿ. ಇದೆಲ್ಲ ನೀವು ಪಾಠ ಮಾಡಿದ್ದೇ.

ಈಗ ನೀವು ಪಾಠ ಮಾಡದೇ ಇರುವ ಚಂದ್ರಶೇಖರ್ ಬಗ್ಗೆ ಕೇಳಿ. ಶಿವರಾಮಕೃಷ್ಣ ಚಂದ್ರಶೇಖರ್ ಹುಟ್ಟಿದ್ದು 1930ರಲ್ಲಿ, ಕಲ್ಕತ್ತಾದಲ್ಲಿ. ಅಂದರೆ ಒಬ್ಬರು ಹಡಗು ಹತ್ತಿದ ವರ್ಷವೇ ಇನ್ನೊಬ್ಬರು ಹುಟ್ಟಿದ್ದು. ನಾಗಪುರದಲ್ಲಿ ಎಂಎಸ್ಸಿ ಮುಗಿಸಿ ಬೆಂಗಳೂರಿಗೆ ಬಂದು ಸೋದರಮಾವನ ಕೈಕೆಳಗೆ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಕಲಿತರು. ಕೇಂಬ್ರಿಡ್ಜಿಗೆ ಹೋಗಿ ಬಂದರು. 1961ರಲ್ಲಿ ಮೈಸೂರಿಗೆ ಬಂದು ಭೌತವಿಜ್ಞಾನ ವಿಭಾಗ ಕಟ್ಟಿದರು. 1971ರಲ್ಲಿ ಮತ್ತೆ ಬೆಂಗಳೂರಿನ ಅದೇ ಸಂಸ್ಥೆಗೆ ಹೋಗಿ ಲಿಕ್ವಿಡ್ ಕ್ರಿಸ್ಟಲ್ ಪ್ರಯೋಗಾಲಯ ಶುರು ಮಾಡಿದರು. ಎಲ್‌ಸಿಡಿ ಟಿವಿ ಅನ್ನುತ್ತೇವಲ್ಲ, ಅದರ ಎಲ್‌ಸಿ ಇದೇ. ನೀರಿನಂತೆ ಹರಿಯುತ್ತದೆ, ಆದರೆ ಒಳಗೆ ಅಣುಗಳು ಹರಳಿನಲ್ಲಿದ್ದಂತೆ ಒಂದು ಕ್ರಮಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಯವರೆಗೆ ಈ ಗುಣ ಉದ್ದ ಕಡ್ಡಿಯಂಥ ಅಣುಗಳದ್ದು ಎಂದೇ ಎಲ್ಲರ ತಿಳುವಳಿಕೆ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ತಟ್ಟೆಯಾಕಾರದ ಅಣುಗಳೂ ಹಾಗೆ ವರ್ತಿಸುತ್ತವೆ ಎಂದು ತೋರಿಸಿದರು. ಒಂದರ ಮೇಲೊಂದು ಪೇರಿಸಿಟ್ಟ ದೋಸೆಗಳ ಹಾಗೆ ಅವು ಕಂಬ ಕಟ್ಟಿಕೊಳ್ಳುತ್ತವೆ. ಆ ಪ್ರಬಂಧ ಅಚ್ಚಾಗಿದ್ದು ವಿದೇಶದ ಯಾವುದೋ ದೊಡ್ಡ ಪತ್ರಿಕೆಯಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ದಲ್ಲಿ. ಟಿವಿ, ಮಾನಿಟರ್ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಲು ಅದರ ಮೇಲೆ ಒಂದು ಪದರ ಅಂಟಿಸುತ್ತಾರೆ. ಅದರಲ್ಲಿ ಇಂಥ ತಟ್ಟೆ ಅಣುಗಳನ್ನೇ ಬಳಸುವ ಪದ್ಧತಿ ಆಮೇಲೆ ಬಂತು.

ಇವರು ರಾಯಲ್ ಸೊಸೈಟಿಯ ಫೆಲೋ ಆಗಿದ್ದು ಯಾವ ವರ್ಷ ಗೊತ್ತಾ? 1983. ಷಿಕಾಗೊದ ಚಂದ್ರಶೇಖರರಿಗೆ ನೊಬೆಲ್ ಬಂದ ವರ್ಷವೇ. ಆ ವರ್ಷ ಊರೆಲ್ಲ ಯಾವ ಚಂದ್ರಶೇಖರರ ಮಾತಾಡಿತು ಎಂದು ನಾನು ಬೇರೆ ಹೇಳಬೇಕಾಗಿಲ್ಲ. ರಾಯಲ್ ಮೆಡಲ್ ಕೂಡ ಇಬ್ಬರಿಗೂ ಬಂತು, ಒಬ್ಬರಿಗೆ 1962ರಲ್ಲಿ, ಇನ್ನೊಬ್ಬರಿಗೆ 1994ರಲ್ಲಿ.

ಈ ಹೆಸರು ಎಲ್ಲಿಂದ ಬಂತು ಎಂದು ನೋಡಿದರೆ ನಿಮ್ಮ ಎರಡನೆಯ ಮಾತಿಗೂ ಉತ್ತರ ಸಿಗುತ್ತದೆ. ರಾಮನ್ ಅವರ ಪೂರ್ತಿ ಹೆಸರು ಚಂದ್ರಶೇಖರ ವೆಂಕಟ ರಾಮನ್. ಆ ‘ಸಿ’ ಅವರ ತಂದೆ ಚಂದ್ರಶೇಖರ ಅಯ್ಯರ್ ಅವರದು. ಮಗನ ಮಗನಿಗೂ ತಾತನ ಹೆಸರು, ಮಗಳ ಮಗನಿಗೂ ತಾತನ ಹೆಸರು. ನಮ್ಮ ಕಡೆ ನಡೆಯುವುದೂ ಹೀಗೇ ಅಲ್ವಾ? ತಾತನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ, ಇಲ್ಲದಿದ್ದರೆ ಮನೆದೇವರ ಹೆಸರು. ದೊಡ್ಡ ವಠಾರವೊಂದರಲ್ಲಿ ನಿಂತು ‘ಮಂಜುನಾಥಾ’ ಎಂದು ಕೂಗಿದರೆ ಮೂರು ಬಾಗಿಲು ತೆರೆಯುತ್ತಿದ್ದ ಕಾಲವನ್ನು ನೀವೂ ನೋಡಿದ್ದೀರಿ. ಅದಕ್ಕೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಅಂಗಡಿ ಮಂಜುನಾಥ, ಕುಳ್ಳ ಮಂಜುನಾಥ, ಮೇಲಿನಮನೆ ಮಂಜುನಾಥ. ಮುಗೀತು.

ನಿಮ್ಮ ಪಕ್ಷದಲ್ಲೂ ನ್ಯಾಯವಿದೆ, ಇಲ್ಲ ಅನ್ನುವುದಿಲ್ಲ. ಮತದಾರರ ಪಟ್ಟಿಯಲ್ಲಿ, ಬ್ಯಾಂಕಿನಲ್ಲಿ, ಪೊಲೀಸ್ ಠಾಣೆಯಲ್ಲಿ ಒಂದೇ ಹೆಸರಿನವರು ಪಡುವ ಪಾಡು ನಿಜ. ಒಬ್ಬನ ಸಾಲಕ್ಕೆ ಇನ್ನೊಬ್ಬನಿಗೆ ನೋಟಿಸ್ ಬಂದರೆ ಅವನಿಗೆ ತಾತನ ಹೆಸರಿನ ಮೇಲೆ ಪ್ರೀತಿ ಉಳಿಯುವುದು ಕಷ್ಟ. ಸರಿ, ಅಷ್ಟನ್ನು ಒಪ್ಪಿದೆ.

ಆದರೆ ತಪ್ಪು ಹೆಸರಿನದಲ್ಲ. ಹೆಸರಿನ ಹಿಂದೆ ಮುಂದೆ ಇರುವುದನ್ನು ಕಿತ್ತು ಬಿಸಾಡುವ ನಮ್ಮ ಸೋಮಾರಿತನದ್ದು. ಒಂದೇ ಹೆಸರಿನ ಜನರನ್ನು ಗುರುತಿಟ್ಟುಕೊಳ್ಳಲು ಕನ್ನಡದವರು ಕಂಡುಕೊಂಡಷ್ಟು ದಾರಿ ಬೇರೆ ಯಾರೂ ಕಂಡುಕೊಂಡಿರಲಿಕ್ಕಿಲ್ಲ ಎಂಬುದು ನನ್ನ ಹಳೇ ಹಟ. ಅರಸರನ್ನು ನೋಡಿ. ಕೃಷ್ಣರಾಜ ಒಡೆಯರ್ ಎಂದರೆ ಯಾರು? 1799ರಲ್ಲಿ ಪುಟ್ಟ ಮಗುವಾಗಿ ಪಟ್ಟಕ್ಕೆ ಕೂತವರು ಮುಮ್ಮಡಿ, ಕನ್ನಂಬಾಡಿ ಕಟ್ಟೆ ಯಾರ ಹೆಸರಿನಲ್ಲಿದೆಯೋ ಅವರು ನಾಲ್ವಡಿ. ಹಳ್ಳಿಯ ಅಜ್ಜಿಗೂ ನಾಲ್ವಡಿ ಎಂದರೆ ಸಾಕು. ಪಂಡಿತರೂ ಅಷ್ಟೇ, ‘ಛಂದೋಂಬುಧಿ’ ಬರೆದವನು ಒಂದನೆಯ ನಾಗವರ್ಮ, ‘ಕಾವ್ಯಾವಲೋಕನ’ ಬರೆದವನು ಎರಡನೆಯ ನಾಗವರ್ಮ ಎಂದು ಅಂಕಿ ಹಾಕಿ ಕೂರಿಸಿದರು. ಎಂಎ ಪರೀಕ್ಷೆಯಲ್ಲಿ ಇವರಿಬ್ಬರನ್ನು ಅದಲು ಬದಲು ಮಾಡಿ ಮಾರ್ಕ್ಸ್ ಕಳೆದುಕೊಂಡವರು ಈ ಪತ್ರಿಕೆಯ ಓದುಗರಲ್ಲೂ ಇರಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಶರಣರ ದಾರಿ. ಕಲ್ಯಾಣದಲ್ಲಿ ಮಾರಯ್ಯಂದಿರು ಒಬ್ಬಿಬ್ಬರಲ್ಲ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದವನು ಆಯ್ದಕ್ಕಿ ಮಾರಯ್ಯ. ಸೌದೆ ಹೊರೆ ಹೊತ್ತು ಮಾರಿದವನು ಮೋಳಿಗೆ ಮಾರಯ್ಯ. ಕಾಶ್ಮೀರದ ಅರಸುತನ ಬಿಟ್ಟು ಬಂದವನು ಎಂದು ಅವನ ಕಥೆ ಹೇಳುತ್ತದೆ, ಆದರೆ ಹೆಸರಿನಲ್ಲಿ ಉಳಿದದ್ದು ಅರಸುತನ ಅಲ್ಲ, ಸೌದೆ ಹೊರೆ. ಅವನ ಹೆಂಡತಿ ಮಹಾದೇವಿ. ಉಡುತಡಿಯ ಅಕ್ಕನೂ ಮಹಾದೇವಿಯೇ. ಇವರು ಮೋಳಿಗೆ ಮಹಾದೇವಿ, ಅವರು ಅಕ್ಕ ಮಹಾದೇವಿ. ಎಂಟುನೂರು ವರ್ಷದ ಮೇಲಾಯಿತು, ಒಬ್ಬರ ವಚನ ಇನ್ನೊಬ್ಬರ ಲೆಕ್ಕಕ್ಕೆ ಹೋಗದಂತೆ ಆ ಗುರುತೇ ಕಾಯುತ್ತಾ ಬಂದಿದೆ.

ಇನ್ನು ನಮ್ಮ ಹಳೇ ಮೈಸೂರಿನ ಇನಿಷಿಯಲ್ಲು. ನಿಮ್ಮ ಜಿಲ್ಲೆಯ ಉದಾಹರಣೆಯನ್ನೇ ತಗೊಳ್ಳಿ. ನಿಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಒಬ್ಬ ಶ್ರೀಕಂಠಯ್ಯ. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಇನ್ನೊಬ್ಬ ಶ್ರೀಕಂಠಯ್ಯ. ಇಬ್ಬರೂ ಕನ್ನಡಕ್ಕಾಗಿ ದುಡಿದವರು, ಇಬ್ಬರೂ ಮೇಷ್ಟ್ರುಗಳು. ಯಾರಾದರೂ ಇವರನ್ನು ಗೊಂದಲ ಮಾಡಿಕೊಂಡಿದ್ದು ಕೇಳಿದ್ದೀರಾ? ಇಲ್ಲ. ಒಬ್ಬರು ಬಿ.ಎಂ.ಶ್ರೀ, ಇನ್ನೊಬ್ಬರು ತೀ.ನಂ.ಶ್ರೀ. ಮನೆತನದ ಊರು ಬೆಳ್ಳೂರು, ಅಪ್ಪ ಮೈಲಾರಯ್ಯ ಒಂದು ಕಡೆ. ತೀರ್ಥಪುರ, ನಂಜುಂಡಯ್ಯ ಇನ್ನೊಂದು ಕಡೆ. ಎರಡು ಅಕ್ಷರದಲ್ಲಿ ಊರೂ ಬಂತು, ಅಪ್ಪನೂ ಬಂದರು. ನರಸಿಂಹಾಚಾರ್ಯರಂತೂ ಸಾಲಾಗಿ ನಿಂತಿದ್ದಾರೆ. ‘ಕವಿಚರಿತೆ’ಯ ಆರ್. ನರಸಿಂಹಾಚಾರ್, ಹಳಗನ್ನಡ ಗ್ರಂಥಗಳನ್ನು ಪರಿಷ್ಕರಿಸಿದ ಡಿ.ಎಲ್. ನರಸಿಂಹಾಚಾರ್, ಮೇಲುಕೋಟೆಯ ಕವಿ ಪು.ತಿ. ನರಸಿಂಹಾಚಾರ್. ಡಿ.ಎಲ್.ಎನ್., ಪು.ತಿ.ನ. ಎಂದರೆ ಸಾಕು, ಬೇರೆ ಪರಿಚಯ ಬೇಡ. ಪುಟ್ಟಪ್ಪ ಎಂಬ ಹೆಸರಿನಲ್ಲೇ ಕುಪ್ಪಳಿಯಲ್ಲೊಬ್ಬರು ಕುವೆಂಪು, ಹುಬ್ಬಳ್ಳಿಯಲ್ಲೊಬ್ಬರು ಪಾಪು.

ಒಂದೇ ಒಂದಕ್ಷರ ಎಷ್ಟು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಸೀತಾರಾಮಯ್ಯನವರನ್ನು ನೋಡಿ. ವಿ. ಸೀತಾರಾಮಯ್ಯ ಕವಿ, ಮದುವೆಮನೆಯಲ್ಲಿ ಹೆಣ್ಣೊಪ್ಪಿಸುವಾಗ ಇವತ್ತಿಗೂ ಹಾಡುವ ಹಾಡು ಅವರದು. ಎಂ.ವಿ. ಸೀತಾರಾಮಯ್ಯ ವಿದ್ವಾಂಸರು, ಬಿ.ಎಂ.ಶ್ರೀ ಪ್ರತಿಷ್ಠಾನ ಕಟ್ಟಿದವರು. ಒಂದು ಊರಿನ ಕಾರ್ಯಕ್ರಮದಲ್ಲಿ ನಾನೇ ಕಂಡಿದ್ದು, ಬ್ಯಾನರಿನಲ್ಲಿ ‘ವಿ.ಸೀ. ನೆನಪು’ ಎಂದು ದಪ್ಪಕ್ಷರ, ಪಕ್ಕದಲ್ಲಿ ಎಂ.ವಿ.ಸೀ. ಫೋಟೊ. ಎದುರಿಗಿದ್ದ ಅಷ್ಟೂ ಜನರಲ್ಲಿ ಒಬ್ಬ ಹಿರಿಯರು ಮಾತ್ರ ಎದ್ದು ಹೇಳಿದರು. ಸಂಘಟಕರು ಏನಂದರು ಗೊತ್ತೇ? ‘ಇಬ್ಬರೂ ಸೀತಾರಾಮಯ್ಯನವರೇ ಅಲ್ಲವೇ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ.’ ಇದೇ ನೋಡಿ ನನ್ನ ಹೊಟ್ಟೆಯುರಿ.

ಕಾರಂತರ ವಿಷಯದಲ್ಲಂತೂ ಇನ್ನೂ ಮಜ. ಕೋಟದ ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು 1975ರಲ್ಲಿ ಸಿನಿಮಾ ಮಾಡಿದವರು ಬಂಟ್ವಾಳದ ಕಡೆಯ ಬಿ.ವಿ. ಕಾರಂತರು. ‘ಕಾರಂತರ ಚೋಮನ ದುಡಿ’ ಎಂದರೆ ಪುಸ್ತಕವೋ ಸಿನಿಮಾವೋ? ಎರಡೂ ಸರಿ. ಕಾರಂತರೇ ಬರೆದು ಕಾರಂತರೇ ತೆಗೆದರು ಎಂದು ವಾದ ಮಾಡುವವರು ಸಿಕ್ಕರೆ ನಾನು ಜಗಳ ಮಾಡುವುದಿಲ್ಲ, ಅವರು ಅರ್ಧ ಸತ್ಯವನ್ನಾದರೂ ಹೇಳುತ್ತಿದ್ದಾರೆ.

ಸಿನಿಮಾದವರು ಇಟ್ಟುಕೊಂಡ ಹೆಸರಿನ ಕಥೆ ಬೇರೆ. ಅಲ್ಲಿ ತಾತನೂ ಇಲ್ಲ, ಮನೆದೇವರೂ ಇಲ್ಲ. ಗಾಜನೂರಿನ ಮುತ್ತುರಾಜ್ ರಾಜ್‌ಕುಮಾರ್ ಆದರು. ಅತ್ತ ಹಿಂದಿಯಲ್ಲಿ ಕುಲಭೂಷಣ್ ಪಂಡಿತ್ ಎಂಬ ಪೊಲೀಸ್ ಅಧಿಕಾರಿ ಕೂಡ ರಾಜ್‌ಕುಮಾರ್ ಆದರು. ಮೈಸೂರಿನ ಸಂಪತ್‌ಕುಮಾರ್‌ಗೆ 1972ರಲ್ಲಿ ಪುಟ್ಟಣ್ಣ ಕಣಗಾಲ್ ವಿಷ್ಣುವರ್ಧನ್ ಎಂದು ಹೆಸರಿಟ್ಟರು. ತಮಾಷೆ ಏನೆಂದರೆ ಬೇಲೂರಿನಲ್ಲಿ ಚೆನ್ನಕೇಶವ ಗುಡಿ ಕಟ್ಟಿಸಿದ ಹೊಯ್ಸಳ ದೊರೆಗೂ ಅದು ಹುಟ್ಟಿದಾಗಿನ ಹೆಸರಲ್ಲ, ಅವನು ಬಿಟ್ಟಿದೇವ. ಆ ದೊರೆಯ ಕಥೆ ಬೆಸೆದುಕೊಂಡಿರುವ ಮೇಲುಕೋಟೆಯ ಉತ್ಸವಮೂರ್ತಿಯ ಹೆಸರು ಸಂಪತ್ಕುಮಾರ. ಪುಟ್ಟಣ್ಣನವರಿಗೆ ಇದು ಹೊಳೆದಿತ್ತೋ ಇಲ್ಲವೋ, ನನಗಂತೂ ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಮತ್ತೆ ವಿಜ್ಞಾನಕ್ಕೆ ಬರೋಣ, ನಿಮ್ಮ ವಿಷಯ ಅದೇ ತಾನೇ. 1984ರಿಂದ 1994ರವರೆಗೆ ಬೆಂಗಳೂರಿನಲ್ಲಿ ಇಬ್ಬರು ರಾಮಚಂದ್ರ ರಾಯರು ಎರಡು ದೊಡ್ಡ ಕುರ್ಚಿಗಳಲ್ಲಿ ಕೂತಿದ್ದರು. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರು. ಉಡುಪಿ ರಾಮಚಂದ್ರ ರಾವ್ ಇಸ್ರೊ ಅಧ್ಯಕ್ಷರು. ಒಂದೇ ಊರು, ಒಂದೇ ದಶಕ, ಒಂದೇ ಹೆಸರು. ಆದರೂ ಯಾರೂ ಆರ್ಯಭಟ ಉಪಗ್ರಹವನ್ನು ಸಿ.ಎನ್.ಆರ್. ರಾವ್ ಮಾಡಿಸಿದರು ಅನ್ನಲಿಲ್ಲ, ಘನವಸ್ತುಗಳ ರಸಾಯನವಿಜ್ಞಾನವನ್ನು ಯು.ಆರ್. ರಾವ್ ಲೆಕ್ಕಕ್ಕೆ ಹಾಕಲಿಲ್ಲ. ಇನಿಷಿಯಲ್ಲು ಗಟ್ಟಿಯಾಗಿ ನಿಂತಿತು. ಅದೇ ಇನಿಷಿಯಲ್ಲಿನಲ್ಲಿ ಒಂದಕ್ಷರ ಬಿಟ್ಟು ನೋಡಿ. ಸಿ.ಆರ್. ರಾವ್ ಆಗುತ್ತದೆ. ಅವರು ಕಲ್ಯಂಪೂಡಿ ರಾಧಾಕೃಷ್ಣ ರಾವ್. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, 2023ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡ ಸಂಖ್ಯಾಶಾಸ್ತ್ರಜ್ಞ. ಹಡಗಲಿಯ ಮಲ್ಲಿಗೆ ಎಲ್ಲರಿಗೂ ಗೊತ್ತು. ಜಗತ್ತಿನ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಹೆಸರಿರುವ ಈ ರಾಯರು ಅಲ್ಲಿ ಹುಟ್ಟಿದವರು ಎಂದು ಹಡಗಲಿಯಲ್ಲೇ ಎಷ್ಟು ಮಂದಿಗೆ ಗೊತ್ತೋ.

ಹಾಗಿದ್ದರೆ ಚಂದ್ರಶೇಖರ್ ವಿಷಯದಲ್ಲಿ ಇನಿಷಿಯಲ್ಲು ಯಾಕೆ ಕೈಕೊಟ್ಟಿತು ಎಂದು ನೀವು ಕೇಳಬಹುದು, ಕೇಳಲೇಬೇಕು. ಇಬ್ಬರದೂ ಒಂದೇ ‘ಎಸ್’. ಅಂಥ ಕಡೆ ಅಕ್ಷರವನ್ನು ಬಿಡಿಸಿ ಬರೆಯಬೇಕು, ಬೇರೆ ದಾರಿಯೇ ಇಲ್ಲ. ಬಿಡಿಸಿದರೂ ಕೆಲವು ಸಲ ಆಟ ಮುಗಿಯುವುದಿಲ್ಲ ಅನ್ನಿ. ನಮ್ಮ ಮೈಸೂರಿನ ಸ್ಪಿನ್ ಬೌಲರ್ ಚಂದ್ರಶೇಖರ್ ಇದ್ದಾರಲ್ಲ, ಪೋಲಿಯೊದಿಂದ ಸೊರಗಿದ ಕೈಯಲ್ಲಿ ಬೌಲ್ ಮಾಡಿ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತವರು. ಅವರ ಬಿ.ಎಸ್. ಅಂದರೆ ಭಾಗವತ್ ಸುಬ್ರಮಣ್ಯ. ಅಲ್ಲೂ ಒಬ್ಬ ಸುಬ್ರಮಣ್ಯ ಚಂದ್ರಶೇಖರ! ಪುಣ್ಯಕ್ಕೆ ಅವರು ನಕ್ಷತ್ರದ ಗೋಜಿಗೆ ಹೋಗಲಿಲ್ಲ.

ಈಗಿನ ಕಥೆ ಏನಾಗಿದೆ ನೋಡಿ. ಫೋನಿನಲ್ಲಿ ಹೆಸರು ಹಾಕಿ ಹುಡುಕಿದರೆ ಯಾರು ಜಾಸ್ತಿ ಪ್ರಸಿದ್ಧರೋ ಅವರ ಮುಖ ಮೇಲೆ ಬರುತ್ತದೆ. ಇನ್ನೊಬ್ಬರು ಎಲ್ಲೋ ಕೆಳಗೆ. ಅವಸರದ ಉಪಸಂಪಾದಕ ಮೇಲಿನ ಫೋಟೊ ತೆಗೆದು ಕೆಳಗಿನವರ ಲೇಖನಕ್ಕೆ ಅಂಟಿಸುತ್ತಾನೆ. ಅದನ್ನು ನೋಡಿ ಹತ್ತು ಜನ ವಾಟ್ಸಾಪಿಗೆ ಹಾಕುತ್ತಾರೆ. ಹೀಗೆ ದೊಡ್ಡ ಹೆಸರು ಚಿಕ್ಕ ಹೆಸರನ್ನು ತಿಂದು ಹಾಕುತ್ತಿದೆ. ನೀವು ಶಿವರಾಮಕೃಷ್ಣ ಚಂದ್ರಶೇಖರ್ ಎಂಬುವರು ಇದ್ದರೆಂದೇ ಅನುಮಾನಪಡದೆ ನನಗೆ ಪತ್ರ ಬರೆದಿರಲ್ಲ, ಅದು ನಿಮ್ಮೊಬ್ಬರ ತಪ್ಪಲ್ಲ, ನಾವೆಲ್ಲ ಸೇರಿ ಮಾಡಿದ ಕೆಲಸ.

ಇದಕ್ಕೆ ಸರ್ಕಾರಿ ಫಾರ್ಮುಗಳ ಸಹಾಯ ಬೇರೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ಅದು ಸಲೀಸು, ಸ್ವಂತ ಹೆಸರು ಮೊದಲು, ಮನೆತನ ಕೊನೆಗೆ. ಊರು, ಅಪ್ಪ, ಆಮೇಲೆ ತಾನು ಎಂದು ಬರೆಯುವ ನಮ್ಮ ಕಡೆಯವರು ಏನು ಮಾಡಬೇಕು? ಅಪ್ಪನನ್ನು ಹಿಂದಕ್ಕೆ ತಳ್ಳುತ್ತಾರೆ. ವಿದೇಶಕ್ಕೆ ಹೋದ ಹುಡುಗನನ್ನು ಆಫೀಸಿನವರೆಲ್ಲ ಅವನ ಅಪ್ಪನ ಹೆಸರು ಹಿಡಿದು ಕೂಗುತ್ತಾರೆ. ಊರಿನ ಹೆಸರು ಎಲ್ಲೋ ಬಿದ್ದುಹೋಗಿರುತ್ತದೆ. ನನ್ನದೇ ಕೇಳಿ. ಒಂದು ಕಚೇರಿಯವರು ನನ್ನ ಇನಿಷಿಯಲ್ಲನ್ನು ಬಿಡಿಸಿ ಬರೆದರು, ಇನ್ನೊಂದು ಕಚೇರಿಯವರು ನುಂಗಿಬಿಟ್ಟರು. ಕೊನೆಗೆ ಎರಡೂ ಕಾಗದದಲ್ಲಿರುವವನು ನಾನೊಬ್ಬನೇ ಎಂದು ಛಾಪಾ ಕಾಗದದ ಮೇಲೆ ನೋಟರಿಯ ಎದುರು ಪ್ರಮಾಣ ಮಾಡಿ ಕೊಡಬೇಕಾಯಿತು. ಎರಡು ಚಂದ್ರಶೇಖರರನ್ನು ಒಬ್ಬರನ್ನಾಗಿ ಮಾಡುವ ಈ ಕಾಲ, ಒಬ್ಬ ಬಡ ಸಂಪಾದಕನನ್ನು ಇಬ್ಬರನ್ನಾಗಿ ಮಾಡಿತ್ತು!

ನಿಮ್ಮ ಮೊಮ್ಮಗಳ ಹೆಸರು ನನಗೆ ಗೊತ್ತಿಲ್ಲ. ಮಗು ಚೆನ್ನಾಗಿರಲಿ. ಆದರೆ ಯಾರಿಗೂ ಇಲ್ಲದ ಹೆಸರು ಹುಡುಕುವ ಅಪ್ಪ ಅಮ್ಮಂದಿರೆಲ್ಲ ಒಂದೇ ಜಾಗದಲ್ಲಿ ಹುಡುಕುತ್ತಾರೆ ಎಂಬುದನ್ನು ಮರೆಯಬೇಡಿ. ಬೆಂಗಳೂರಿನ ಯಾವುದಾದರೂ ಪ್ರೈಮರಿ ಶಾಲೆಯ ಬಾಗಿಲಲ್ಲಿ ನಿಂತು ‘ಆರವ್’ ಎಂದು ಕೂಗಿ ನೋಡಿ. ವಠಾರದ ಮಂಜುನಾಥರಿಗಾದರೂ ಅಂಗಡಿ, ಮೇಲಿನಮನೆ ಎಂಬ ಗುರುತಿತ್ತು. ಈ ಆರವ್‌ಗಳಿಗೆ ಊರೂ ಇಲ್ಲ, ಇನಿಷಿಯಲ್ಲೂ ಇಲ್ಲ. ಟೀಚರುಗಳು ಆರವ್ ಎ, ಆರವ್ ಬಿ ಎಂದು ಕರೆಯಬೇಕಾಗುತ್ತದೆ. ನಾಗವರ್ಮರಿಗೆ ಅಂಕಿ ಹಾಕಿದ ಪಂಡಿತರ ಕೆಲಸ ಈಗ ಯುಕೆಜಿ ಟೀಚರ ತಲೆಗೆ ಬಿದ್ದಿದೆ.

ನಮ್ಮ ಲೇಖಕರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರ ಬಗ್ಗೆ ಬರೆದರೂ ಮೊದಲ ಸಲ ಹೆಸರು ಬರುವಲ್ಲಿ ಪೂರ್ತಿಯಾಗಿ ಬರೆಯಿರಿ, ಊರು ಗೊತ್ತಿದ್ದರೆ ಊರನ್ನೂ ಹಾಕಿ. ರಾಯರ ಬಗ್ಗೆ ಬರೆಯುವವರು ಕಳಿಸುವ ಮೊದಲು ಎರಡು ಸಲ ನೋಡಿ. ಫೋಟೊದ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದಿರಬೇಕು, ಇಮೇಲಿನಲ್ಲಿ ಕಳಿಸುವವರು ಫೈಲಿಗೆ ಆ ಹೆಸರನ್ನೇ ಇಡಬೇಕು. ಇಷ್ಟು ಮಾಡದ ಲೇಖನ ವಾಪಸ್ ಬರುತ್ತದೆ.

– ಸಂ.